ವಿ-ಕ್ರಾಸ್‌ಗೆ ಎರಡು ಇಂಚು ಲಿಫ್ಟ್ ಮಾಡಿಸಲಾ, ಟೈರ್ ಬದಲಾಯಿಸಿದರೆ ಸಾಕಾ? (ಚನ್ನಗಿರಿ ಕಡೆ ತೋಟದ ದಾರಿ)

ಅಡಿಕೆತೋಟ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2017ರ ಇಸುಜು ವಿ-ಕ್ರಾಸ್ ಪಿಕಪ್ ಇದೆ, ಫೋರ್ ಬೈ ಫೋರ್. ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಯಿತು. ಟೈರ್ ಸೈಜು 245/70 ಆರ್16. ನಾಲ್ಕೂ ಸವೆದಿವೆ, ಹೇಗಿದ್ದರೂ ಬದಲಾಯಿಸಲೇಬೇಕು.

ಸಮಸ್ಯೆ ಏನಂದ್ರೆ, ಮನೆಯಿಂದ ತೋಟಕ್ಕೆ ಒಂದೂವರೆ ಕಿಲೋಮೀಟರ್ ಬಂಡಿದಾರಿ. ಅರ್ಧ ದಾರಿ ಎರೆಮಣ್ಣು. ಭದ್ರಾ ನಾಲೆಗೆ ನೀರು ಬಿಟ್ಟರೆ ಪಕ್ಕದ ಗದ್ದೆಯಿಂದ ಬಸಿದು ದಾರಿ ಒಣಗುವುದೇ ಇಲ್ಲ. ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಆಳವಾಗಿ ಜಾಡು ಬಿದ್ದಿದೆ, ನಡುವೆ ದಿಬ್ಬ. ಗಾಡಿಯ ಹೊಟ್ಟೆ ಆ ದಿಬ್ಬಕ್ಕೆ ಉಜ್ಜುತ್ತದೆ. ಹೋದ ವಾರ ಹಸಿ ಅಡಿಕೆ ತುಂಬಿಕೊಂಡು ಬರುವಾಗ ಸಿಕ್ಕಿಹಾಕಿಕೊಂಡೆ. ಚಿಕ್ಕಪ್ಪನ ಟ್ರ್ಯಾಕ್ಟರ್ ಬಂದು ಎಳೆಯುವ ಹೊತ್ತಿಗೆ ಕತ್ತಲಾಗಿತ್ತು.

ದಾವಣಗೆರೆಯಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. ಮುಂದಿನ ಶಾಕ್ ಮೇಲೆ ಸ್ಪೇಸರ್, ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಕೆಳಗೆ ಬ್ಲಾಕ್ ಹಾಕಿ ಎರಡು ಇಂಚು ಎತ್ತರಿಸೋಣ, ಹೊರಗೆ ಚಾಚುವ ಅಲಾಯ್ ಚಕ್ರ ಹಾಕೋಣ, 285/75 ಆರ್16 ಮಡ್ ಟೈರ್ ಹಾಕೋಣ, ಒಂದೇ ದಿನದ ಕೆಲಸ ಎಂದರು. ಅಕ್ಕನ ಮಗ ಮಾಡಿಸು ಮಾವ ಅಂತ ಹಟ ಹಿಡಿದಿದ್ದಾನೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಅಮ್ಮನಿಗೆ 71 ವರ್ಷ, ಈಗಲೇ ಗಾಡಿ ಹತ್ತಲು ಕೆಳಗೆ ಮಣೆ ಇಡಬೇಕು. ಗಾಡಿ ವಾರದಲ್ಲಿ ಎರಡು ಸಲ ದಾವಣಗೆರೆಗೂ ಓಡುತ್ತದೆ. ಮಾಡಿಸಿದವರು ಇದ್ದರೆ ಬಿಡಿಸಿ ಹೇಳಿ.

ಬೆಣ್ಣೆದೋಸೆ 17
ದಿಬ್ಬಕ್ಕೆ ಯಾವ ಜಾಗ ಉಜ್ಜುತ್ತದೆ ಅಣ್ಣ? ಮುಂದಿನ ಸ್ಕಿಡ್ ಪ್ಲೇಟಾ (ಎಂಜಿನ್ ಕೆಳಗಿನ ರಕ್ಷಣೆ ತಗಡು), ಹಿಂದಿನ ಹೌಸಿಂಗಾ (ಆಕ್ಸಲ್‌ನ ಕವಚ)? ಅದು ಗೊತ್ತಾಗದೆ ಯಾರು ಏನು ಹೇಳಿದರೂ ಪ್ರಯೋಜನ ಇಲ್ಲ.

ಅಡಿಕೆತೋಟ
ಈಗ ತಾನೇ ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ನೋಡಿದೆ. ಹಿಂದಿನ ಹೌಸಿಂಗ್. ನಡುವೆ ಗುಂಡಗೆ ಉಬ್ಬಿರುವ ಜಾಗದಲ್ಲಿ ಬಣ್ಣ ಪೂರ್ತಿ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿದೆ. ಮುಂದೆ ಸ್ಕಿಡ್ ಪ್ಲೇಟಿಗೆ ಮಣ್ಣು ಮೆತ್ತಿದೆ ಅಷ್ಟೇ, ಗೀರು ಇಲ್ಲ.

ಪಾಟಾ ಕೆಲಸ
ಹಾಗಾದರೆ ಲಿಫ್ಟ್ ವಿಷಯ ಇಲ್ಲಿಗೇ ಬಿಡಿ. ಮೂವತ್ತು ವರ್ಷ ಹರಿಹರದ ಹತ್ತಿರ ಲಾರಿ, ಟೆಂಪೋಗಳ ಪಾಟಾ ಕಟ್ಟಿದವನು ನಾನು. ಒಂದು ಮಾತು ಸರಿಯಾಗಿ ತಿಳಿದುಕೊಳ್ಳಿ. ಹಿಂದಿನ ಹೌಸಿಂಗ್ ಚಕ್ರದ ಜೊತೆಗೇ ಇರುತ್ತದೆ. ಪಾಟಾ ಅದರ ಮೇಲೆ ಕೂತಿರುತ್ತದೆ. ನೀವು ಪಾಟಾಕ್ಕೂ ಹೌಸಿಂಗಿಗೂ ನಡುವೆ ಎರಡು ಇಂಚಲ್ಲ, ನಾಲ್ಕು ಇಂಚು ಬ್ಲಾಕ್ ಇಟ್ಟರೂ ಮೇಲೆ ಹೋಗುವುದು ಚಾಸಿ ಮತ್ತು ಬಾಡಿ ಮಾತ್ರ. ಹೌಸಿಂಗ್ ಇದ್ದಲ್ಲೇ ಇರುತ್ತದೆ, ಒಂದು ಕೂದಲಿನಷ್ಟೂ ಏಳುವುದಿಲ್ಲ. ಅದನ್ನು ಎತ್ತುವುದು ಟೈರ್ ಒಂದೇ.

ಅಂಗಡಿಯವರು ಇದನ್ನು ನಿಮಗೆ ಹೇಳಬೇಕಿತ್ತು.

ಜೋಗಿಮಟ್ಟಿ ದಾರಿ
ಕಾಕಾ ಹೇಳಿದ್ದು ಹಿಂದಿನ ಭಾಗಕ್ಕೆ ಸರಿ. ಆದರೆ ಲಿಫ್ಟೇ ದಂಡ ಅನ್ನುವ ಹಾಗೆ ಹೇಳುವುದು ತಪ್ಪು. ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಎರಡರಲ್ಲೂ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಎರಡು ಚಕ್ರವೂ ಬೇರೆ ಬೇರೆಯಾಗಿ ಏಳುತ್ತವೆ. ಮುಂದಿನ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಭಾಗ) ಚಾಸಿಗೆ ಕಟ್ಟಿರುತ್ತದೆ. ಲಿಫ್ಟ್ ಮಾಡಿದರೆ ಅದೂ ಏಳುತ್ತದೆ, ಗೇರ್‌ಬಾಕ್ಸ್ ಏಳುತ್ತದೆ, ಡೀಸೆಲ್ ಟ್ಯಾಂಕ್ ಏಳುತ್ತದೆ. ಮುಂದೆ ದಿಣ್ಣೆ ಹತ್ತುವಾಗ ಬಂಪರ್ ತಾಗುವುದಿಲ್ಲ.

ನನ್ನದೂ ವಿ-ಕ್ರಾಸ್, ದುರ್ಗದಲ್ಲಿದ್ದೇನೆ. ಮೂರು ವರ್ಷದ ಹಿಂದೆ ಪೂರ್ತಿ ಕಿಟ್ ಹಾಕಿಸಿದೆ. ಮುಂದೆ ಹೊಸ ಕಾಯಿಲ್, ನಾಲ್ಕೂ ಹೊಸ ಶಾಕ್, ಹಿಂದೆ ಹೊಸ ಪಾಟಾ ಸೆಟ್. 40 ಮಿ.ಮೀ. ಎದ್ದಿದೆ. ಗಾಳಿಯಂತ್ರಗಳ ಗುಡ್ಡದ ಮೇಲೆ ಸರ್ವಿಸ್ ಕೆಲಸಕ್ಕೆ ದಿನಾ ಹತ್ತಿ ಇಳಿಯುತ್ತೇನೆ. ಎಲ್ಲಾ ಕಲ್ಲುದಾರಿ. ಮೊದಲು ವಾರಕ್ಕೊಮ್ಮೆ ಹೊಟ್ಟೆ ಬಡಿಯುತ್ತಿತ್ತು, ಈಗ ಇಲ್ಲ. ಒಳ್ಳೆಯ ಕಿಟ್ ಹಾಕಿದರೆ ಗಾಡಿಯ ನಡತೆಯೇ ಬದಲಾಗುತ್ತದೆ. ಅಡ್ಡಡ್ಡ ತೂಗುವುದು ನಿಲ್ಲುತ್ತದೆ.

ಪಾಟಾ ಕೆಲಸ
ನಿಮ್ಮದು ಕಿಟ್ ತಮ್ಮಾ. ಅವರಿಗೆ ಹೇಳಿರುವುದು ಸ್ಪೇಸರ್ ಮತ್ತು ಬ್ಲಾಕ್. ಎರಡೂ ಒಂದೇ ಅಲ್ಲ.

ಜೋಗಿಮಟ್ಟಿ ದಾರಿ
ಅದನ್ನು ಒಪ್ಪುತ್ತೇನೆ. ಸ್ಪೇಸರ್ ನಾನೂ ಹಾಕಿಸಿದ್ದೆ, ಕಿಟ್‌ಗಿಂತ ಮೊದಲು. ಆರು ತಿಂಗಳಲ್ಲಿ ತೆಗೆಸಿದೆ.

ಕಾರಣ ಹೇಳುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ. ಮುಂದಿನ ಶಾಕ್ ಚಕ್ರದ ನೇರಕ್ಕೆ ಇಲ್ಲ, ಚಕ್ರ ಹಿಡಿಯುವ ಆರ್ಮ್‌ನ ನಡುವೆ ಎಲ್ಲೋ ಕೂತಿದೆ. ಹಾಗಾಗಿ ಶಾಕ್ ಮೇಲೆ ಒಂದು ಇಂಚು ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ ಹೆಚ್ಚುಕಡಿಮೆ ಎರಡು ಇಂಚು ವ್ಯತ್ಯಾಸ ಬರುತ್ತದೆ. ಆದರೆ ಶಾಕ್ ಹಳೆಯದೇ, ಅದರ ಉದ್ದ ಅಷ್ಟೇ. ಚಕ್ರ ಗುಂಡಿಗೆ ಇಳಿಯಲು ಇದ್ದ ಜಾಗವನ್ನು ಸ್ಪೇಸರ್ ತಿಂದುಬಿಡುತ್ತದೆ. ಹಂಪ್ ದಾಟಿ ಇಳಿಯುವಾಗ ಪ್ರತಿ ಸಲ ಮುಂದಿನಿಂದ 'ಟಕ್' ಅನ್ನುವ ಸದ್ದು. ಮೇಲಿನ ಬಾಲ್ ಜಾಯಿಂಟ್ ಪೂರ್ತಿ ಓರೆ. ಆಕ್ಸಲ್‌ನ ರಬ್ಬರ್ ಬೂಟ್ ಮಡಿಕೆಗಳು ಒಂದು ಕಡೆ ಬಿಗಿಯಾಗಿ ಹಿಗ್ಗಿ, ಇನ್ನೊಂದು ಕಡೆ ಒಂದಕ್ಕೊಂದು ಉಜ್ಜಿ ಹರಿದವು. ಗ್ರೀಸ್ ಹೊರಗೆ ಎರಚಿ ರಿಮ್ಮಿನ ಒಳಗೆಲ್ಲ ಕಪ್ಪು. ಆ ಬೂಟ್ ಹರಿದದ್ದು ಗೊತ್ತಾಗದೆ ಮಣ್ಣಲ್ಲಿ ಓಡಿಸಿದ್ದರೆ ಜಾಯಿಂಟೇ ಹೋಗುತ್ತಿತ್ತು.

ದುರ್ಗದ ಲೆಕ್ಕ
ಟೈರ್ ಲೆಕ್ಕ ಯಾರೂ ಹಾಕಲಿಲ್ಲ, ನಾನು ಹಾಕುತ್ತೇನೆ. 245/70 ಆರ್16 ಅಂದರೆ ಅಗಲ 245 ಮಿ.ಮೀ., ಅದರ ಶೇ 70 ಪಕ್ಕದ ಗೋಡೆ, ಅಂದರೆ 171.5. ಮೇಲೆ ಕೆಳಗೆ ಸೇರಿ 343. ರಿಮ್ 16 ಇಂಚು, ಅಂದರೆ 406.4. ಒಟ್ಟು ಎತ್ತರ ಸುಮಾರು 749 ಮಿ.ಮೀ.

ಇದೇ ರೀತಿ 265/70 ಆರ್16 ಲೆಕ್ಕ ಮಾಡಿದರೆ 777 ಬರುತ್ತದೆ. ವ್ಯತ್ಯಾಸ 28. ಆದರೆ ಹೌಸಿಂಗ್ ಏಳುವುದು ಅದರ ಅರ್ಧ ಮಾತ್ರ, 14 ಮಿ.ಮೀ. ಆಕ್ಸಲ್ ಇರುವುದು ಚಕ್ರದ ನಡುವೆ ಅಲ್ವಾ.

ಅಂಗಡಿಯವರು ಹೇಳಿದ 285/75 ಆರ್16 ಅಂದರೆ 834. ಹೌಸಿಂಗ್ 42 ಮಿ.ಮೀ. ಏಳುತ್ತದೆ ನಿಜ. ಆದರೆ ಟೈರ್ ಶೇ 11ರಷ್ಟು ದೊಡ್ಡದಾಯಿತು. ಮೀಟರ್ 100 ತೋರಿಸುವಾಗ ಗಾಡಿ 111ರಲ್ಲಿ ಇರುತ್ತದೆ. ಪ್ರತಿ ಗೇರೂ ಅಷ್ಟು ಭಾರ ಆದ ಹಾಗೆ. ಹತ್ತುವಾಗ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕು. ಬ್ರೇಕ್ ಹಳೆಯದೇ, ನಿಲ್ಲಿಸಬೇಕಾದ ಚಕ್ರ ದೊಡ್ಡದು, ಭಾರ ಬೇರೆ. ನಿಲ್ಲುವ ದೂರ ಜಾಸ್ತಿ ಆಗುತ್ತದೆ.

ಹಿರಿಯೂರು ಈರುಳ್ಳಿ
ಅದಕ್ಕೇ ದೊಡ್ಡ ಟೈರ್ ಹಾಕಿದವರೆಲ್ಲ ಮೈಲೇಜ್ ಪೂರ್ತಿ ಬಿದ್ದುಹೋಯಿತು ಅನ್ನುವುದು.

ದುರ್ಗದ ಲೆಕ್ಕ
ಸ್ವಲ್ಪ ಬೀಳುವುದು ನಿಜ. ಆದರೆ ಅದರಲ್ಲಿ ಒಂದು ಭಾಗ ಲೆಕ್ಕದ ತಪ್ಪು. ದೊಡ್ಡ ಟೈರ್ ಹಾಕಿದ ಮೇಲೆ ಗಾಡಿ ನಿಜವಾಗಿ ಓಡಿದ್ದಕ್ಕಿಂತ ಮೀಟರ್ ಕಡಿಮೆ ತೋರಿಸುತ್ತದೆ. 265/70 ಹಾಕಿದರೆ 100 ಕಿಲೋಮೀಟರ್ ಹೋದಾಗ ಮೀಟರಿನಲ್ಲಿ 96 ಚಿಲ್ಲರೆ ಬರುತ್ತದೆ. ಅದನ್ನು ಸೇರಿಸದೆ ಡೀಸೆಲ್ ಲೆಕ್ಕ ಹಾಕಬಾರದು.

ಎರೆಹೊಲ ಚಳ್ಳಕೆರೆ
ನಾನು ಹಳದಿ ಬೋರ್ಡ್ ಬೊಲೆರೋ ಪಿಕಪ್ ಓಡಿಸುವವನು. ಶೇಂಗಾ, ಈರುಳ್ಳಿ, ಜಾನುವಾರು ಮೇವು, ಏನು ಸಿಕ್ಕರೂ ಹೊಲದ ಒಳಗೇ ಹೋಗಿ ತುಂಬುತ್ತೇನೆ. ನೀವೆಲ್ಲ ಎತ್ತರದ ಬಗ್ಗೆ ಮಾತಾಡುತ್ತಿದ್ದೀರಿ. ಎರೆಮಣ್ಣಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಎರೆ ಹಸಿಯಾದರೆ ಅದು ಕೆಸರಲ್ಲ, ಅಂಟು. ಟೈರಿನ ಗುಬ್ಬಿಗಳ (ಉಬ್ಬುಗಳ) ನಡುವೆ ತುಂಬಿಕೊಂಡು ಒಂದೇ ಸುತ್ತಿಗೆ ಟೈರ್ ನುಣ್ಣಗೆ ಆಗುತ್ತದೆ. ಆಮೇಲೆ ಎಟಿ (ಎಲ್ಲ ದಾರಿಗೂ ಆಗುವ ಟೈರ್) ಇರಲಿ, ಮಾಮೂಲಿ ರೋಡ್ ಟೈರ್ ಇರಲಿ, ಎರಡೂ ಒಂದೇ. ಇನ್ನೂ ಮುಂದೆ ಹೋದರೆ ಮಣ್ಣು ಪದರ ಪದರವಾಗಿ ಮೆತ್ತಿಕೊಂಡು ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ಕೂರುತ್ತದೆ. ಚಕ್ರ ತಿರುಗುವುದೇ ನಿಲ್ಲುತ್ತದೆ. ಹೋದ ಮುಂಗಾರಿನಲ್ಲಿ ನಾನು ಜಾಕ್ ಹಾಕಿ ಚಕ್ರ ಬಿಚ್ಚಿ, ಕುಡುಗೋಲಿನಿಂದ ಮಣ್ಣು ಕೆತ್ತಿ ತೆಗೆದಿದ್ದೇನೆ. ಒಂದೊಂದು ಹೆಂಟೆ ಇಟ್ಟಿಗೆಯಷ್ಟು.

ಈಗ ಹೇಳಿ, ದೊಡ್ಡ ಅಗಲ ಟೈರ್ ಹಾಕಿ ಮಡ್‌ಗಾರ್ಡಿಗೂ ಟೈರಿಗೂ ಇರುವ ಜಾಗ ಕಡಿಮೆ ಮಾಡಿಕೊಂಡರೆ ಮಣ್ಣು ಎಲ್ಲಿ ಹೋಗಬೇಕು? ನಮ್ಮ ಬಂಡಿಯ ಗಾಲಿ ಎಷ್ಟು ಸಣ್ಣ ಅಗಲ, ಎಷ್ಟು ಎತ್ತರ ಇರುತ್ತಿತ್ತು ನೋಡಿ. ಅದು ಸುಮ್ನೆ ಮಾಡಿದ್ದಲ್ಲ. ಮೇಲಿನ ಅಂಟು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ.

ಜೋಗಿಮಟ್ಟಿ ದಾರಿ
ಎಂಟಿ, ಅಂದರೆ ಮಡ್ ಟೈರ್ ಹಾಕಿದರೆ ಮಣ್ಣು ತಾನೇ ಉದುರುತ್ತದೆ. ಗುಬ್ಬಿಗಳ ನಡುವೆ ಅಂತರ ಇರುವುದೇ ಅದಕ್ಕೆ.

ಎರೆಹೊಲ ಚಳ್ಳಕೆರೆ
ಚಕ್ರ ಜೋರಾಗಿ ತಿರುಗಿದರೆ ಉದುರುತ್ತದೆ ಅಣ್ಣ. ಒಂದು ಟನ್ ಮಾಲು ಹಾಕಿಕೊಂಡು ಬಂಡಿದಾರಿಯಲ್ಲಿ ಜೋರಾಗಿ ತಿರುಗಿಸಿದರೆ ಕುಣಿ ತೋಡಿಕೊಂಡು ಕೂರುತ್ತದೆ. ಅಲ್ಲದೆ ಅವರ ಗಾಡಿ ಹೆಚ್ಚು ಓಡುವುದು ಟಾರ್ ರಸ್ತೆಯಲ್ಲಿ. ಎಂಟಿ ಹಾಕಿಕೊಂಡು ಹೈವೇಯಲ್ಲಿ ಹೋದರೆ ಕ್ಯಾಬಿನ್ನಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಮಳೆಯ ಟಾರ್ ಮೇಲೆ ಬ್ರೇಕ್ ಹಿಡಿದಾಗ ಜಾರುವುದು ಬೇರೆ.

ಜೋಗಿಮಟ್ಟಿ ದಾರಿ
ಸರಿ, ಎರೆ ವಿಷಯದಲ್ಲಿ ನಿಮ್ಮ ಮಾತೇ ನಿಲ್ಲಲಿ. ನನ್ನದು ಕಲ್ಲು ಗುಡ್ಡ, ಅಲ್ಲಿಗೆ ಎಂಟಿ ಬೇಕೇ ಬೇಕು. ಪಕ್ಕದ ಗೋಡೆ ದಪ್ಪ ಇಲ್ಲದಿದ್ದರೆ ಚೂಪು ಕಲ್ಲು ಸೀಳಿ ಹಾಕುತ್ತದೆ.

ಹೊನ್ನಾಳಿ ಹೊಳೆದಂಡೆ
ಅಡಿಕೆತೋಟ ಅಣ್ಣ, ಕಾನೂನು ಕೂಡ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ 182ಎ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಹಾಕಬಹುದು.

ಪೊಲೀಸರು ಹಿಡಿಯುವುದು ಹಾಗಿರಲಿ. ಅಪಘಾತ ಆದಾಗ ಇನ್ಶೂರೆನ್ಸ್ ಸರ್ವೇಯರ್ ಬಂದು ಬ್ಲಾಕ್ ನೋಡಿದರೆ, ನೀವು ಮೊದಲೇ ತಿಳಿಸಿಲ್ಲದಿದ್ದರೆ, ಕ್ಲೈಮ್ ತಕರಾರಿಗೆ ಬೀಳುತ್ತದೆ. ಎದುರಿನವರಿಗೆ ಪೆಟ್ಟಾಗಿದ್ದರೆ ಇನ್ನೂ ಕಷ್ಟ.

ಬೆಣ್ಣೆದೋಸೆ 17
ರಸ್ತೆಯಲ್ಲಿ ಎಷ್ಟೊಂದು ಗಾಡಿ ಓಡುತ್ತವಲ್ಲ ಹಾಗೆ? ಬುಲ್ ಬಾರ್ (ಬಂಪರ್ ಮುಂದಿನ ಗಾರ್ಡ್) ಹಾಕಿಕೊಂಡು, ಲೈಟ್ ಹಾಕಿಕೊಂಡು?

ಹೊನ್ನಾಳಿ ಹೊಳೆದಂಡೆ
ಓಡುತ್ತವೆ. ಬುಲ್ ಬಾರ್ ತೆಗೆಸಿ ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಬರೆದಿದೆ. ಓಡುತ್ತವೆ ಅನ್ನುವುದು ಸರಿ ಅನ್ನುವುದಕ್ಕೆ ಆಧಾರ ಅಲ್ಲ. ರಾತ್ರಿ ಎದುರಿಗೆ ಬರುವ ಎತ್ತರದ ಗಾಡಿಯ ಲೈಟ್ ನೇರ ಕಣ್ಣಿಗೆ ಬಡಿದು ನನ್ನ ತಮ್ಮ ಬೈಕ್ ಸಮೇತ ಚರಂಡಿಗೆ ಇಳಿದಿದ್ದಾನೆ. ಲಿಫ್ಟ್ ಮಾಡಿಸುವವರು ಹೆಡ್‌ಲೈಟ್ ಕೆಳಕ್ಕೆ ತಿರುಗಿಸಿಕೊಳ್ಳುವುದನ್ನು ಮರೆಯುತ್ತಾರೆ. ಐದು ನಿಮಿಷದ ಕೆಲಸ ಅದು.

ಜೋಗಿಮಟ್ಟಿ ದಾರಿ
ಇದು ನ್ಯಾಯವಾದ ಮಾತು. ನಾನು ಈ ವಾರವೇ ಗೋಡೆ ಎದುರು ನಿಲ್ಲಿಸಿ ನೋಡುತ್ತೇನೆ.

ಕೋಟೆನಾಡು ಹೈಲಕ್ಸ್
ಅಲಾಯ್ ಬಗ್ಗೆ ನನ್ನ ಕಥೆ ಕೇಳಿ. ಸ್ವಲ್ಪ ಉದ್ದ ಆಗುತ್ತದೆ.

ನನ್ನ ಹೈಲಕ್ಸ್‌ಗೆ ಬಂದದ್ದು 265/60 ಆರ್18. ಚೆನ್ನಾಗಿಯೇ ಇದೆ. ನನಗೆ ಪಕ್ಕದ ಗೋಡೆ ಇನ್ನೂ ದಪ್ಪ ಬೇಕಿತ್ತು, ಅದಕ್ಕೆ 17 ಇಂಚಿನ ಅಲಾಯ್ ಹುಡುಕಿದೆ. ಇಲ್ಲೇ ಒಂದು ಕಡೆ ಹೊರಗಿನ ಕಂಪನಿಯ ಅಲಾಯ್ ಸಿಕ್ಕಿತು. ಆರು ಬೋಲ್ಟ್, 139.7 ಪಿಸಿಡಿ (ಬೋಲ್ಟ್‌ಗಳ ವೃತ್ತದ ವ್ಯಾಸ, ಮಿ.ಮೀ.), ಸರಿಯಾಗಿ ಕೂತಿತು. ಹಾಕಿದವರು ಹಳೆಯ ನಟ್ಟುಗಳನ್ನೇ ಬಿಗಿದು ಕಳಿಸಿದರು. ಹಿರಿಯೂರು ದಾಟಿದ ಮೇಲೆ ಸ್ಟೇರಿಂಗ್ ಸಣ್ಣಗೆ ನಡುಗಲು ಶುರುವಾಯಿತು. ಬ್ಯಾಲೆನ್ಸಿಂಗ್ ಇರಬೇಕು ಅಂದುಕೊಂಡು ಇನ್ನೂ ಹತ್ತು ಕಿಲೋಮೀಟರ್ ಹೋದೆ. ಆಮೇಲೆ ಎಡಗಡೆ ಮುಂದಿನಿಂದ ಕಟಕಟ ಸದ್ದು. ಇಳಿದು ನೋಡಿದರೆ ಆರರಲ್ಲಿ ನಾಲ್ಕು ನಟ್ಟು ಕೈಯಲ್ಲೇ ತಿರುಗುತ್ತಿವೆ. ಹೆಂಡತಿ ಮಕ್ಕಳು ಗಾಡಿಯಲ್ಲಿ ಇದ್ದರು. ಆ ದಿನದ ನಡುಕ ಇನ್ನೂ ಹೋಗಿಲ್ಲ.

ಟೊಯೋಟಾ ಕಂಪನಿ ಅಲಾಯ್‌ಗೆ ಬರುವ ನಟ್ಟಿನ ಬುಡ ಚಪ್ಪಟೆ, ಕೆಳಗೆ ವಾಷರ್ ಇರುತ್ತದೆ. ಹೊರಗಿನ ಅಲಾಯ್‌ನ ತೂತು ಕೊಳವೆಯ ಬಾಯಿಯ ಹಾಗೆ ಇಳಿಜಾರು. ಅದಕ್ಕೆ ಶಂಕುವಿನ ಆಕಾರದ ನಟ್ಟೇ ಬೇಕು. ಚಪ್ಪಟೆ ನಟ್ಟು ಅದರಲ್ಲಿ ಅಂಚಿಗೆ ಮಾತ್ರ ತಾಗುತ್ತದೆ, ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಹೊಸ ಚಕ್ರ ಹಾಕಿಸಿದವರು ಟಾರ್ಕ್ ರೆಂಚಿನಲ್ಲಿ ಬಿಗಿಸಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಬಿಗಿಸಿ. ದಯವಿಟ್ಟು ಮರೆಯಬೇಡಿ.

ಹಿರಿಯೂರು ಈರುಳ್ಳಿ
ದೇವರು ದೊಡ್ಡವನು ಸರ್. ವಿ-ಕ್ರಾಸ್‌ಗೆ ಫಾರ್ಚೂನರ್ ಅಲಾಯ್ ಕೂರುತ್ತದೆ ಅನ್ನುತ್ತಾರೆ, ನಿಜವಾ?

ಕೋಟೆನಾಡು ಹೈಲಕ್ಸ್
ಬೋಲ್ಟ್ ಅಂತರ ಒಂದೇ. ಆದರೆ ನಡುವಿನ ತೂತು ಟೊಯೋಟಾದ್ದು ಸ್ವಲ್ಪ ದೊಡ್ಡದು. ಆ ಸಂದು ತುಂಬುವ ಹಬ್ ರಿಂಗ್ ಹಾಕದಿದ್ದರೆ ಚಕ್ರ ನಡುವಿಗೆ ಸರಿಯಾಗಿ ಕೂರುವುದಿಲ್ಲ, ವೇಗದಲ್ಲಿ ನಡುಗುತ್ತದೆ. ನಟ್ಟಿನ ವಿಷಯ ಮೇಲೆ ಹೇಳಿದ್ದೇ.

ಇನ್ನೊಂದು, ಹೊರಗೆ ಚಾಚುವ ಅಲಾಯ್ ಬೇಡವೇ ಬೇಡ. ಚಕ್ರ ಹೊರಗೆ ಹೋದಷ್ಟೂ ಬೇರಿಂಗಿನ ಮೇಲೆ ಭಾರ. ಸ್ಟೇರಿಂಗ್ ತಿರುಗಿಸಿದಾಗ ಟೈರ್ ದೊಡ್ಡ ಸುತ್ತು ಹೊಡೆದು ಬಂಪರ್ ಅಂಚಿಗೆ ಉಜ್ಜುತ್ತದೆ. ಎರಚುವ ಕೆಸರೆಲ್ಲ ಬಾಗಿಲ ಮೇಲೆ.

ಬೆಣ್ಣೆದೋಸೆ 17
ಮಳೆಗಾಲದಲ್ಲಿ ಬಾಗಿಲು ತೊಳೆಯುವುದೇ ಒಂದು ಕೆಲಸ ಆಗುತ್ತದೆ. ಅಂದ ಹಾಗೆ ಹಿರಿಯೂರಿನವರು ಇದ್ದೀರಲ್ಲ, 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಿಮ್ಮ ಕಡೆ ಗಾಡಿ ಓಡಾಡಲು ಆಗಿತ್ತಾ?

ಹಿರಿಯೂರು ಈರುಳ್ಳಿ
ಅದನ್ನು ಮರೆಯಲು ಆಗುತ್ತದಾ! 1933ರ ನಂತರ, 89 ವರ್ಷ ಆದ ಮೇಲೆ ಕೋಡಿ ಬಿದ್ದದ್ದು. ನಮ್ಮ ತಾತ ನೋಡಿದ್ದನ್ನು ನಾವು ನೋಡಿದೆವು. ಅಜ್ಜಿಯರು ಬಾಗಿನ ಹಿಡಿದುಕೊಂಡು ಬಂದಿದ್ದರು. ನಾನೂ ಮನೆಯವರನ್ನೆಲ್ಲ ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ವಾಪಸ್ ಬರುವಾಗ ವೇದಾವತಿ ಪಕ್ಕದ ಒಂದು ಹಳ್ಳದಲ್ಲಿ ಹಬ್ ಮುಳುಗುವಷ್ಟು ನೀರು, ದಾಟಿಸಿದೆ. ಒಂದು ತಿಂಗಳಾದ ಮೇಲೆ ಹೌಸಿಂಗ್ ಆಯಿಲ್ ಬಿಚ್ಚಿದರೆ ಹಾಲು ಹಾಕಿದ ಕಾಫಿ ಬಣ್ಣ.

ಪಾಟಾ ಕೆಲಸ
ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಓಡಾಡುವ ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ನೀರು ದಾಟಿಸುವವರು ಬ್ರೀದರ್ ಪೈಪನ್ನು ಮೇಲಕ್ಕೆ, ಬಾಡಿ ಎತ್ತರಕ್ಕೆ ಏರಿಸಿಕೊಳ್ಳಬೇಕು. ಖರ್ಚು ಏನೂ ಇಲ್ಲ.

ಸರಿ, ಮೂಲ ವಿಷಯಕ್ಕೆ ಬರೋಣ. ಅಡಿಕೆತೋಟ ಅವರೇ, ನಾಳೆ ಬೆಳಿಗ್ಗೆ ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಖಾಲಿ ಇರಲಿ. ಹಿಂದಿನ ಚಕ್ರದ ನಟ್ಟನಡುವಿನಿಂದ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು ಎರಡೂ ಕಡೆ ಅಳೆಯಿರಿ. ಟೈರಿನ ಗಾಳಿಯನ್ನೂ ನೋಡಿ. ಸಿಕ್ಕಿಬಿದ್ದ ದಿನ ಎಷ್ಟು ಲೋಡ್ ಇತ್ತು ಅದನ್ನೂ ಹೇಳಿ.

ಅಡಿಕೆತೋಟ
ಕಾಕಾ, ಅಳೆದೆ. ಎಡಕ್ಕಿಂತ ಬಲಗಡೆ 22 ಮಿ.ಮೀ. ಕಡಿಮೆ ಬಂತು. ಮೂರು ಸಲ ಅಳೆದೆ, ಅಷ್ಟೇ ಬಂತು. ಗಾಳಿ ಹಿಂದೆ ಒಂದರಲ್ಲಿ 24 ಪಿಎಸ್‌ಐ, ಇನ್ನೊಂದರಲ್ಲಿ 25. ಆ ದಿನ ಲೋಡ್ 700 ಕೆಜಿ ಮೇಲೆ ಇದ್ದಿರಬೇಕು.

ಪಾಟಾ ಕೆಲಸ
24ಕ್ಕೆ 700 ಕೆಜಿ! ಟೈರ್ ಚಪ್ಪಟೆಯಾಗಿ ಹೌಸಿಂಗ್ ಅಲ್ಲೇ ಒಂದು ಬೆರಳು ಕೆಳಗೆ ಇಳಿದಿದೆ. ಡ್ರೈವರ್ ಬಾಗಿಲ ಕಂಬದ ಮೇಲೆ ಸ್ಟಿಕ್ಕರ್ ಇದೆ, ಲೋಡ್ ಇದ್ದಾಗ ಹಿಂದಿನ ಟೈರಿಗೆ ಎಷ್ಟು ಅಂತ ಬರೆದಿರುತ್ತದೆ. ಅದನ್ನೇ ಹಾಕಿ.

ಬಲಗಡೆ ಪಾಟಾ ನೋಡಿ. ವೈರ್ ಬ್ರಷ್ ಹಾಕಿ ಮಣ್ಣು ಪೂರ್ತಿ ತೆಗೆದು, ಒಂದೊಂದೇ ಪಟ್ಟಿಯನ್ನು ಟಾರ್ಚ್ ಹಿಡಿದು ನೋಡಿ. ನಡುವೆ ಪಾಟಾವನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ಹತ್ತಿರ ಮತ್ತು ಕ್ಲಿಪ್ಪಿನ ಹತ್ತಿರ.

ಅಡಿಕೆತೋಟ
ಕಾಕಾ, ನಿಮ್ಮ ಕೈಗೆ ನಮಸ್ಕಾರ. ಮೇಲಿನಿಂದ ಎರಡನೇ ಪಟ್ಟಿ ಯು ಬೋಲ್ಟ್ ಪಕ್ಕದಲ್ಲೇ ಕಟ್ಟಾಗಿದೆ. ಮಣ್ಣು ಮುಚ್ಚಿದ್ದರಿಂದ ಕಾಣಿಸಿರಲಿಲ್ಲ. ತುಂಡಿನ ಅಂಚಿನಲ್ಲಿ ಅರ್ಧ ತುಕ್ಕು, ಅರ್ಧ ಹೊಸದಾಗಿ ಹೊಳೆಯುತ್ತಿದೆ. ಸುಮಾರು ದಿನದಿಂದ ಬಿರುಕು ಇತ್ತು ಅನಿಸುತ್ತದೆ.

ಕೋಟೆನಾಡು ಹೈಲಕ್ಸ್
ಅಬ್ಬಾ. ಇದರ ಮೇಲೆ ಬ್ಲಾಕ್ ಇಟ್ಟು ಬಿಗಿಯುತ್ತಿದ್ದರು ಅಂದರೆ.

ಪಾಟಾ ಕೆಲಸ
ಅದಕ್ಕೇ ಅಳೆಯಲು ಹೇಳಿದ್ದು. ಬ್ಲಾಕ್ ಎಂದರೆ ಪಾಟಾಕ್ಕೆ ಇನ್ನೊಂದು ಹಿಡಿ ಸಿಕ್ಕ ಹಾಗೆ, ಬ್ರೇಕ್ ಹಿಡಿದಾಗ ಹೌಸಿಂಗ್ ಅದನ್ನು ತಿರುಚುತ್ತದೆ. ಕಟ್ಟಾದ ಪಾಟಾ ಆ ತಿರುಚಿಗೆ ನಿಲ್ಲುವುದಿಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂದೆ ಲೋಡ್ ನೋಡಿಕೊಂಡು ಬ್ರೇಕ್ ಹಂಚುವ ವಾಲ್ವ್ ಇರುತ್ತದೆ, ಹೌಸಿಂಗಿಗೂ ಚಾಸಿಗೂ ನಡುವೆ ಒಂದು ಕಡ್ಡಿ ಕಟ್ಟಿರುತ್ತಾರೆ. ಹಿಂದೆ ಎತ್ತರಿಸಿ ಆ ಕಡ್ಡಿ ಸರಿ ಮಾಡದಿದ್ದರೆ ಗಾಡಿ ಖಾಲಿ ಇದೆ ಎಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಲೋಡ್ ಗಾಡಿ ಓಡಿಸುವವರು ಇದನ್ನು ಕೇಳಿ ತಿಳಿದುಕೊಳ್ಳಲೇಬೇಕು.

ಎರಡೂ ಕಡೆಯ ಪಾಟಾ ಬದಲಾಯಿಸಿ. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಓರೆ ನಿಲ್ಲುತ್ತದೆ. ಬುಷ್, ಯು ಬೋಲ್ಟ್ ಹೊಸದೇ ಹಾಕಿ. ಹಳೇ ಯು ಬೋಲ್ಟ್ ಒಮ್ಮೆ ಹಿಗ್ಗಿದರೆ ಮತ್ತೆ ಸರಿಯಾಗಿ ಹಿಡಿಯುವುದಿಲ್ಲ.

ಎರೆಹೊಲ ಚಳ್ಳಕೆರೆ
ಜಾಸ್ತಿ ಲೋಡಿಗೆ ಒಂದು ಪಟ್ಟಿ ಹೆಚ್ಚಿಗೆ ಹಾಕಿಸಬಹುದಲ್ವಾ ಕಾಕಾ? ನಾವೆಲ್ಲ ಹಾಗೇ ಮಾಡುತ್ತೇವೆ.

ಪಾಟಾ ಕೆಲಸ
ನಿಮ್ಮದು ದಿನಾ ಲೋಡ್ ಓಡುವ ಗಾಡಿ. ಅವರದು ವಾರದಲ್ಲಿ ಐದು ದಿನ ಖಾಲಿ. ಹೆಚ್ಚಿಗೆ ಪಟ್ಟಿ ಹಾಕಿದರೆ ಖಾಲಿ ಇದ್ದಾಗ ಹಿಂದೆ ಕುಣಿಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರುತ್ತದೆ. 71 ವರ್ಷದ ತಾಯಿ ಕೂರುತ್ತಾರೆ, ಅವರ ಸೊಂಟವನ್ನೂ ನೆನೆಯಿರಿ.

ದುರ್ಗದ ಲೆಕ್ಕ
ಟೈರ್ ಕೊಳ್ಳುವಾಗ ಸೈಜಿನ ಪಕ್ಕದ ನಂಬರ್ ನೋಡಿ ಅಣ್ಣ. ಅದು ಲೋಡ್ ಇಂಡೆಕ್ಸ್. 107 ಅಂದರೆ ಒಂದು ಟೈರ್ 975 ಕೆಜಿ ಹೊರುತ್ತದೆ, 112 ಅಂದರೆ 1,120 ಕೆಜಿ. ಈಗ ಇರುವುದಕ್ಕಿಂತ ಕಡಿಮೆ ನಂಬರಿನದು ಎಷ್ಟು ಚೆಂದ ಕಂಡರೂ ಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 3524 ಅಂದರೆ 2024ರ 35ನೇ ವಾರ ತಯಾರಾದದ್ದು. ಹಳೇ ಸ್ಟಾಕ್ ಕೊಟ್ಟರೆ ತಗೋಬೇಡಿ.

ಹೊನ್ನಾಳಿ ಹೊಳೆದಂಡೆ
ನನ್ನ ಪ್ರಕಾರ ಸೈಜ್ ಬದಲಾಯಿಸದೆ 245/70ರಲ್ಲೇ ಒಳ್ಳೆಯ ಎಟಿ ಹಾಕಿದರೆ ಕಾನೂನಿನ ತಲೆನೋವೂ ಇಲ್ಲ, ಸ್ಟೆಪ್ನಿಯೂ ಹೊಂದುತ್ತದೆ.

ಜೋಗಿಮಟ್ಟಿ ದಾರಿ
265/70 ಲಿಫ್ಟ್ ಇಲ್ಲದೆಯೂ ನನ್ನ ಗಾಡಿಗೆ ಕೂತಿತ್ತು. ಸ್ಟೇರಿಂಗ್ ಫುಲ್ ಕಟ್ ಮಾಡಿದಾಗ ಮಡ್‌ಫ್ಲಾಪಿಗೆ ಸ್ವಲ್ಪ ತಾಗುತ್ತಿತ್ತು. 14 ಮಿ.ಮೀ. ಹೌಸಿಂಗ್ ಎತ್ತರ ಸಿಗುತ್ತದೆ ಅಂದ ಮೇಲೆ ಯಾಕೆ ಬಿಡಬೇಕು?

ಎರೆಹೊಲ ಚಳ್ಳಕೆರೆ
ಮಡ್‌ಫ್ಲಾಪಿಗೆ ತಾಗುತ್ತದೆ ಅಂದರೆ ಎರೆ ಕೂರಲು ಅಲ್ಲೇ ಜಾಗ ಆಯಿತು. ನಾನು ಹಳೇ ಸೈಜೇ ಅನ್ನುತ್ತೇನೆ. ಮತ್ತೆ ಆ ದಿಬ್ಬಕ್ಕೆ ಏನಾದರೂ ಮಾಡಿ ಅಣ್ಣ. ಟ್ರ್ಯಾಕ್ಟರ್ ಬ್ಲೇಡ್ ಹಾಕಿ ದಿಬ್ಬ ಕೆತ್ತಿ ಜಾಡಿಗೆ ತಳ್ಳಿ, ಮೇಲೆ ನಾಲ್ಕು ಟ್ರಿಪ್ ಗರಸು ಹಾಕಿಸಿ. ಪಕ್ಕದಲ್ಲಿ ಒಂದು ಸಣ್ಣ ಬಸಿಗಾಲುವೆ ತೆಗೆಸಿ. ನೀರು ನಿಲ್ಲದಿದ್ದರೆ ಎರೆಯೂ ಗಟ್ಟಿ ನೆಲವೇ.

ಅಡಿಕೆತೋಟ
ದಾರಿ ನಾಲ್ಕು ಮನೆಯವರದು, ಎಲ್ಲರನ್ನೂ ಒಪ್ಪಿಸಬೇಕು. ಕೇಳಿ ನೋಡುತ್ತೇನೆ.

ಅಡಿಕೆತೋಟ (ಐದು ವಾರದ ನಂತರ)
ತಡವಾಯಿತು, ಕೊಯ್ಲು ಇತ್ತು. ಏನೇನು ಮಾಡಿದೆ ಹೇಳುತ್ತೇನೆ.

ಎರಡೂ ಕಡೆ ಹೊಸ ಪಾಟಾ, ಕಂಪನಿಯದ್ದೇ. ಬುಷ್, ಯು ಬೋಲ್ಟ್, ನಾಲ್ಕು ಶಾಕ್ ಎಲ್ಲ ಹೊಸದು. ಲಿಫ್ಟ್ ಇಲ್ಲ, ಅಲಾಯ್ ಹಳೆಯದೇ. ಟೈರ್ ವಿಷಯದಲ್ಲಿ ಎರಡು ದಿನ ಯೋಚನೆ ಮಾಡಿ 245/70ರಲ್ಲೇ ಎಟಿ ಹಾಕಿಸಿದೆ, ಲೋಡ್ ಇಂಡೆಕ್ಸ್ 111. ಹಳೇ ಟೈರ್ ಎಷ್ಟು ಸವೆದಿದ್ದವು ಅಂದರೆ ಹೊಸ ಗುಬ್ಬಿಗಳಿಂದಲೇ ಅರ್ಧ ಸೆಂಟಿಮೀಟರ್ ಮೇಲೆ ಬಂತು. ಲೋಡ್ ಹಾಕುವ ಮೊದಲು ಸ್ಟಿಕ್ಕರ್ ನೋಡಿ ಗಾಳಿ ಹಾಕುತ್ತೇನೆ. ಮನೆಯಲ್ಲಿಯೇ ಸಣ್ಣ ಕಂಪ್ರೆಸರ್ ಇಟ್ಟಿದ್ದೇನೆ.

ದಾರಿಗೆ ಮೂರು ಮನೆಯವರು ದುಡ್ಡು ಹಾಕಿದರು, ನಾಲ್ಕನೆಯವರು ಟ್ರ್ಯಾಕ್ಟರ್ ಕೊಟ್ಟರು. ಆರು ಟ್ರಿಪ್ ಗರಸು ಹಿಡಿಯಿತು. ಬಸಿಗಾಲುವೆಯನ್ನು ನಾನು ಮತ್ತು ಅಕ್ಕನ ಮಗ ಸೇರಿ ತೋಡಿದೆವು. ಮೊನ್ನೆ ಮಳೆ ಬಂದ ಮರುದಿನ 600 ಕೆಜಿ ಹಾಕಿಕೊಂಡು ಫೋರ್ ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು) ನಿಧಾನವಾಗಿ ಬಂದೆ. ನಾಲೆ ತಿರುವಿನ ಹತ್ತಿರ ಒಂದು ಕಡೆ ಮಾತ್ರ ಹೌಸಿಂಗ್ ಸವರಿತು, ನಿಲ್ಲಲಿಲ್ಲ.

ಉಳಿದ ದುಡ್ಡಿನಲ್ಲಿ ಪಕ್ಕಕ್ಕೆ ಅಗಲವಾದ ಮೆಟ್ಟಿಲು ಹಾಕಿಸಿದೆ. ಅಮ್ಮ ಮಣೆ ಇಲ್ಲದೆ ಹತ್ತಿದಳು.

ಪಾಟಾ ಕೆಲಸ
ಸಂತೋಷ ಆಯಿತು. 500 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಮತ್ತೆ ಒಂದು ಸಲ ಬಿಗಿಸಿ. ಹೊಸ ಪಾಟಾ ಕೂರುತ್ತದೆ, ನಟ್ಟು ಸಡಿಲ ಆಗಿರುತ್ತದೆ. ಹರಿಹರದ ಕಡೆ ಬಂದರೆ ನಾನೇ ಬಿಗಿದು ಕೊಡುತ್ತೇನೆ.

ಅಡಿಕೆತೋಟ
ಭಾನುವಾರ ಬರುತ್ತೇನೆ ಕಾಕಾ. ಈಗ 430 ಆಗಿದೆ.